ಒಂದು ಸಲ ತಟ್ಟಿದರೆ ಹೋಲ್ಡಾನ್

ಶಾಲೆಯಿಂದ ಫೋನ್ ಬಂದಾಗ ಕಂಡಕ್ಟರಮ್ಮ ಚಲಿಸುವ ಬಸ್ಸಿನ ನಟ್ಟನಡುವೆ, ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತಿದ್ದಳು.

"ನಿಮ್ಮ ಮಗಳು ಮೂರು ದಿನದಿಂದ ಬಂದಿಲ್ಲ. ಹುಷಾರಿಲ್ವಾ?" ಎಂದರು ಆಫೀಸಿನವರು.

ತಕ್ಷಣ ಅತ್ತೆಗೆ ಫೋನ್ ಹಚ್ಚಿದಳು. ನಾಲ್ಕು ವರ್ಷದ ಹಿಂದೆ ಗಂಡ ಬೇರೆ ಸಂಸಾರ ಹೂಡಿದಾಗ, "ಅವನು ಹೋದರೆ ಹೋಗಲಿ, ನಾನು ನಿನ್ನ ಜೊತೆಗೇ" ಎಂದು ಸೊಸೆಯ ಮನೆಯಲ್ಲೇ ಉಳಿದ ಜೀವ ಅದು.

"ಎಂಟಕ್ಕೇ ಹೊರಟ್ಳಲ್ಲಮ್ಮ. ಊಟದ ಡಬ್ಬಿನೂ ದಿನಾ ಖಾಲಿ ತರ್ತಾಳೆ," ಎಂದರು ಅತ್ತೆ.

ಹಾಗಾದರೆ ಹದಿನೈದರ ಹುಡುಗಿ ಹಗಲೆಲ್ಲ ಎಲ್ಲಿರುತ್ತಾಳೆ? ಯಾರ ಜೊತೆ? ಬಸ್ ನಿಲ್ದಾಣ ಇನ್ನೂ ನಾಲ್ಕು ಸ್ಟಾಪ್ ದೂರವಿತ್ತು. ಅದೇ ಯೋಚನೆಯಲ್ಲಿ ಟಿಕೆಟ್ ಕೊಟ್ಟಳು.

"ನಾನು ಆಸ್ಪತ್ರೆಗೆ ಹೊರಟವನು ತಾಯಿ, ನೀನು ಸೀದಾ ಸ್ಮಶಾನಕ್ಕೇ ಟಿಕೆಟ್ ಕೊಟ್ಟೆಯಲ್ಲ!" ಎಂದು ಮುದುಕರೊಬ್ಬರು ನಕ್ಕರು. ಅವಳ ಮುಖ ಕಂಡವರೇ, "ಇರಲಿ ಬಿಡು, ಇದೇ ಸಾಕು," ಎಂದು ಟಿಕೆಟನ್ನು ಜೇಬಿಗೆ ಹಾಕಿಕೊಂಡರು. ಕನ್ನಡಿಯಲ್ಲಿ ಇದನ್ನೆಲ್ಲ ನೋಡಿದ ಡ್ರೈವರ್ ಮುಂದಿನ ಸ್ಟಾಪಿನಲ್ಲಿ ತನ್ನ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿದ.

ನಿಲ್ದಾಣ ಬಂದದ್ದೇ, ದಿನವೂ ಹೊರಗಿನ ಕೌಂಟರಿನಲ್ಲೇ ಸಹಿ ಹಾಕಿ ಓಡುತ್ತಿದ್ದವಳು ಇವತ್ತು ರಜೆ ಕೇಳಲು ಟೈಮ್‌ಕೀಪರ್ ಕೋಣೆಯೊಳಕ್ಕೇ ಓಡಿದಳು. ಅಲ್ಲಿ, ಕಿಟಕಿಯ ಪಕ್ಕ, ಲೆಕ್ಕದ ಪುಸ್ತಕ ಬಿಡಿಸಿಕೊಂಡು ಮಗಳು ಕೂತಿದ್ದಳು!

ಟೈಮ್‌ಕೀಪರ್ ಗಾಬರಿಯಾದ. "ನಿಮಗೆ ಗೊತ್ತು ಅನ್ಕೊಂಡಿದ್ದೆ ಅಕ್ಕ. ಶಾಲೆಗೆ ರಜ, ಇಲ್ಲಿ ಕೂತ್ರೆ ಅಮ್ಮನ ಬಸ್ ಬರೋದು ಕಾಣುತ್ತೆ ಅಂದ್ಲು." ತನ್ನ ಮೆತ್ತನೆಯ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ಅವನು ಸ್ಟೂಲಿನ ಮೇಲೆ ಕೂತಿದ್ದ.

"ಒಂದು ಮಾತು ಹೇಳೋಕೇನಾಗಿತ್ತೇ ನಿಂಗೆ?" ಎಂದು ಅಮ್ಮ ಮಗಳತ್ತ ತಿರುಗಿದಳು.

"ಹೇಳೋಕೆ ಬಂದಿದ್ದೆ. ಮೂರು ದಿನಾನೂ ಬೆಳಗ್ಗೆ ಬಚ್ಚಲ ಬಾಗಿಲು ತಟ್ಟಿದೆ. ಒಂದೇ ಸಲ. ನೀನು ಒಳಗಿಂದಾನೇ 'ರೈಟ್ ರೈಟ್' ಅಂದೆ."

ಅಮ್ಮನಿಗೆ ಥಟ್ಟನೆ ಹೊಳೆಯಿತು. ಒಂದು ಸೀಟಿಗೆ ಹೋಲ್ಡಾನ್, ನಿಲ್ಲು. ಎರಡಕ್ಕೆ ರೈಟ್, ಹೊರಡು. ಮಗಳು ಪುಟ್ಟವಳಿದ್ದಾಗ ಮನೆಯ ಬಾಗಿಲಿಗೂ ಅದೇ ಕಾನೂನು ಮಾಡಿದವಳು ತಾನೇ. ಕೆಲಸದ ಅವಸರದಲ್ಲಿ, ನಿಲ್ಲು ಎಂದವಳಿಗೆ ಹೊರಡು ಎಂದಿದ್ದಳು.

ಡ್ರೈವರ್ ಬಾಗಿಲಲ್ಲಿ ಇಣುಕಿದ. ತಾಯಿ ಮಗಳನ್ನು ನೋಡಿ ತಲೆ ಕೆರೆದುಕೊಂಡ. "ಟೈರಲ್ಲಿ ಗಾಳಿ ಕಮ್ಮಿ ಅನ್ಸತ್ತೆ ಸಾರ್. ಹತ್ತು ನಿಮಿಷ ಲೇಟು ಬರ್ಕೊಳ್ಳಿ."

ಟೈಮ್‌ಕೀಪರ್ ಕಿಟಕಿಯತ್ತ ತಿರುಗಿ ಕೂಡ ನೋಡಲಿಲ್ಲ. "ಪೂರಾ ಕಮ್ಮಿ," ಎಂದು ಬರೆದುಕೊಂಡು ಹೊರಗೆ ನಡೆದ.

ಮಗಳು ಪುಸ್ತಕದ ಅಂಚು ಮಡಚುತ್ತ ಹೇಳಿದಳು: "ಕ್ಲಾಸಲ್ಲಿ ನಗ್ತಾರೆ. ಅಪ್ಪನೇ ಇಲ್ಲದ ಮನೇಲಿ ಅಪ್ಪನ ಅಮ್ಮ ಯಾಕಿದ್ದಾರೆ ಅಂತಾರೆ. ನಿಮ್ಮಮ್ಮ ಬಸ್ಸಲ್ಲೇ ಇರ್ತಾಳೆ, ನಿನ್ನ ಯಾರು ಕೇಳ್ತಾರೆ ಅಂತಾರೆ." ಇನ್ನೊಂದು ಅಂಚು ಮಡಚಿದಳು. "ಹೌದಲ್ವಾ ಅನ್ನಿಸ್ತು."

ಅಮ್ಮ ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟು, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹತ್ತು ನಿಮಿಷ ಸಾಲಲ್ಲಮ್ಮ," ಎಂದಳು ಮಗಳು.

"ಗೊತ್ತು. ಉಳಿದದ್ದು ಸಾಯಂಕಾಲ, ಅಜ್ಜಿ ಮುಂದೆ. ಈಗ ಕೇಳ್ತಿದೀನಿ ಕಣೇ, ಹೇಳು."