ಗೇಣು ಬಿಟ್ಟ ಹಾಸು

ಚಳಿಗಾಲ ಬಂತೆಂದರೆ ಮುಂಡಗೋಡದ ಟಿಬೆಟಿ ಕ್ಯಾಂಪಿನಿಂದ ಪೆಮಾಬಾಯಿ ಬರುತ್ತಾಳೆ. ಮುಳಗುಂದ ನಾಕಾದ ಬಳಿ ಸ್ವೆಟರ್ ಮಾರುತ್ತಾಳೆ, ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಾಳೆ. ಹಿಂದಿನ ಕೋಣೆ ಇಸಾಕನದು. ಕಾಬೂಲಿನವನು, ಧಾರವಾಡದಲ್ಲಿ ನನ್ನ ಸಹಪಾಠಿ. ಓದು ಮುಗಿಯುವಷ್ಟರಲ್ಲಿ ಅವನ ದೇಶದ ಸರ್ಕಾರವೇ ಬಿದ್ದುಹೋಯಿತು, ಇಲ್ಲೇ ಉಳಿದ. ನಮ್ಮವ್ವ ಅಂಬವ್ವ ಮಗ್ಗ ಕಲಿಸಿದಳು. ಅವನ ತಾಯಿಯನ್ನೂ ತಂಗಿಯನ್ನೂ ಕೆನಡಾ ಕರೆಸಿಕೊಂಡಿತು. ಪ್ರಾಯಕ್ಕೆ ಬಂದ ಮಗ ಅಲ್ಲಿನ ಕಾನೂನಿನ ಪ್ರಕಾರ ಬೇರೆ ಸಂಸಾರ, ಅವನನ್ನು ಬಿಟ್ಟರು.

ಈ ಸಲ ಪೆಮಾಬಾಯಿಯೂ ಟೊರಾಂಟೊದ ಮಗಳ ಮನೆಗೆ ಹೊರಟಿದ್ದಳು. ಪಾಸ್‌ಪೋರ್ಟಿನ ಬದಲು ಟಿಬೆಟಿಗಳಿಗೆ ಭಾರತ ಸರ್ಕಾರ ಕೊಡುವ ಹಳದಿ ಪುಸ್ತಕ ಅವಳ ದಾರಿಯನ್ನು ಹಸಿರು ಮಾಡಿತ್ತು. ನಿರಾಶ್ರಿತರೆಲ್ಲ ಒಂದೇ ಅಂದುಕೊಂಡು, ಅಮ್ಮನನ್ನು ನೋಡಿಬರಲಿ ಅಂತ, ಅವಳ ಅರ್ಜಿ ನೋಡಿಕೊಂಡೇ ನಾನು ಇಸಾಕನದನ್ನೂ ತುಂಬಿದ್ದೆ.

ಅರ್ಜಿ ಕೊಟ್ಟ ಕಚೇರಿಯಿಂದ ಮರಳಿ, ಮಗ್ಗದಲ್ಲಿ ಕೂತಿದ್ದ ಇಸಾಕನ ಮುಂದೆ ಅಲ್ಲಿನ ಸಾಹೇಬರ ಮೂಗುದನಿ ಅಣಕಿಸಿದೆ: "ಏನ್ರೀ, ಆಕೀದು ಸರ್ಕಾರದ ಪುಸ್ತಕ. ಇವಂದು ದಿಲ್ಲ್ಯಾಗ ವಿಶ್ವಸಂಸ್ಥೆ ಕೊಟ್ಟ ಕಾರ್ಡು. ಇದರ ಮ್ಯಾಲೆ ಹೋಗಿ ಬರಾಕ ಬರಂಗಿಲ್ಲ. ಹೋದ್ರ ಹೋದಂಗ!"

"ನಂಗೂ ಪುಸ್ತಕ ಸಿಗಾಕ ವರ್ಷ ಹಿಡೀತು, ತಮ್ಮಾ" ಎಂದಳು ಪೆಮಾಬಾಯಿ, ತಪ್ಪು ಮಾಡಿದವಳಂತೆ.

ಇಸಾಕ ನಕ್ಕ. ಆಮೇಲೆ, "ಲೇ ಶ್ರೀಧರ, ನಮ್ಮಮ್ಮನ ದನಿ ತೆಗಿಯೋ" ಅಂದ.

ದಿನಾ ಅವನ ಫೋನಿನಲ್ಲಿ ಕೇಳಿದ ದನಿಯೇ. "ಇಸಾಕ್ ಜಾನ್, ನಾನ್ ಖೊರ್ದಿ?" ಎಂದೆ. ಊಟ ಆಯಿತೇನು ಅಂತ. ಅವನ ಲಾಳಿ ನಿಂತಿತು.

ಒಲೆಯ ಮುಂದಿನಿಂದ ಅವ್ವ ಕೂಗಿದಳು: "ಎರಡು ರೊಟ್ಟಿ ತಿಂದಾನ, ಮೂರನೇದು ಒಲ್ಲೆ ಅಂತಾನ ಅಂತ ಹೇಳು ಆಕಿಗೆ!"

ಅವನು ನೇಯುತ್ತಿದ್ದದ್ದು ಪೆಮಾಬಾಯಿಯ ಕೈಯಲ್ಲಿ ಅಮ್ಮನಿಗೆ ಕಳಿಸುವ ಶಾಲು. ನಮ್ಮ ಮನೆಯಲ್ಲಿ ಒಂದು ಪದ್ಧತಿ: ಊರಿಗೆ ಹೊರಟವರು ಮಗ್ಗದ ಮೇಲೆ ಗೇಣುದ್ದ ಹಾಸಿನ ಎಳೆ ನೇಯದೆ ಬಿಡಬೇಕು, ಮರಳಿ ಬಂದು ಮುಗಿಸಲಿಕ್ಕೆ. ಪೆಮಾಬಾಯಿ ಹೊರಡುವ ಬೆಳಿಗ್ಗೆ ನೋಡಿದರೆ, ಶಾಲಿನ ಕೊನೆಗೆ ಗೇಣುದ್ದ ಬರೀ ಎಳೆ.

"ಹೋಗಾಕಿ ಪೆಮಾ. ನೀ ಯಾಕ ಗೇಣು ಬಿಟ್ಟೀಯೋ? ನೇದು ಮುಗಸು" ಎಂದಳು ಅವ್ವ.

"ಇರಲಿ ಬಿಡವ್ವಾ."

ಆ ಗೇಣಿನ ನಡುವೆ ಕತ್ತರಿ ಹಾಕಿದ. ಅರ್ಧ ಎಳೆ ಶಾಲಿಗೆ ಜೋತುಬಿದ್ದವು, ಅರ್ಧ ಮಗ್ಗದಲ್ಲಿ ಉಳಿದವು.

"ಈ ಎಳಿ ಕತ್ತರಸಬ್ಯಾಡ ಅಂತ ಅಮ್ಮಗ ಹೇಳ್ರಿ ಪೆಮಾಬಾಯಿ. ಇನ್ನೊಂದು ತುದಿ ಬೆಟಗೇರ್ಯಾಗ ಐತಿ."

ಪೆಮಾಬಾಯಿ ಶಾಲನ್ನು ಸ್ವೆಟರಿನ ಗಂಟಿನಲ್ಲಿ ಹಾಕಲಿಲ್ಲ; ಹಳದಿ ಪುಸ್ತಕವಿದ್ದ ಚೀಲದಲ್ಲೇ ಇಟ್ಟುಕೊಂಡಳು.

ಮರುವಾರ ಹೊಸ ಹಾಸು ಬಂತು. ವಾಡಿಕೆಯಂತೆ ಮಗ್ಗದಲ್ಲಿ ಉಳಿದ ಹಳೆಯ ಎಳೆಗಳಿಗೇ ಅದನ್ನು ಜೋಡಿಸಬೇಕಿತ್ತು. ಅವ್ವ ಇಸಾಕನ ಮಗ್ಗದ ಎಳೆಗಳನ್ನು ಹಾಗೇ ಬಿಟ್ಟು, ಅದನ್ನು ಪಕ್ಕದ ಮಗ್ಗಕ್ಕೆ ಏರಿಸಿದಳು.