ಕಣದ ಮೇಟಿ

ಶಿವರಾತ್ರಿ ಇನ್ನೂ ಮುಂದಿತ್ತು. ಹೊತ್ತು ಎರಡು ಮಾರು ಏರಿದಾಗ, ಹೊರ್ತಿಯ ಗೈಬುಸಾಬನ ಹೊಲದ ಮೇಲೆ ಸಣ್ಣದೊಂದು ವಿಮಾನ ಎರಡನೆಯ ಸುತ್ತು ಹಾಕಿತು. ಅದರ ಸದ್ದು ನಡುನಡುವೆ ಕಡಿಯುತ್ತಿತ್ತು.

ಗೈಬುಸಾಬ ಮತ್ತು ಅವನ ಪಾಲುಗಾರ ಖಂಡೆಪ್ಪ ಹಿಂದಿನ ದಿನವಷ್ಟೇ ಕಣ ಸಾರಿಸಿ, ಎತ್ತು ಕಟ್ಟಿ ತೆನೆ ತುಳಿಸಲು ನಟ್ಟನಡುವೆ ಮೇಟಿಕಂಬ ನೆಟ್ಟು ಪೂಜೆ ಮಾಡಿದ್ದರು. ಸುತ್ತಲೂ ಬಿರುಕುಬಿಟ್ಟ ಎರೆನೆಲ, ಜೋಳದ ಚೂಪು ಕೂಳೆ. ಮಟ್ಟಸವಾಗಿದ್ದದ್ದು ಗಾಡಿಹಾದಿ, ಅದು ಮುಟ್ಟುವ ಕಣ.

"ಕಾಕಾ, ಅಂವ ಇಲ್ಲೇ ಇಳಿಯಾಕ ನೋಡಾಕತ್ತಾನ. ಮೇಟಿ ಕಿತ್ತಬಿಡೂಣು," ಅಂದ ಖಂಡೆಪ್ಪ.

"ರಾಶಿ ಆಗೂತನಕ ಮೇಟಿ ಅಳಗಾಡಸಬಾರ್ದಂತ ನಿಮ್ಮಪ್ಪನ ನನಗ ಹೇಳಿಕೊಟ್ಟಾನ. ಅಷ್ಟು ದೊಡ್ಡ ಆಕಾಶ ಐತಿ, ನನ್ನ ಕಣಾನ ಬೇಕೇನು ಅವಗ?"

ಖಂಡೆಪ್ಪ ನಗಲಿಲ್ಲ. "ಜೀವ ಐತಿ ಕಾಕಾ ಅದರಾಗ."

ಗೈಬುಸಾಬ ಮೇಟಿಯ ಮೇಲೆ ಕೈಯಿಟ್ಟ. ಬುಡದ ಮಣ್ಣು ಇನ್ನೂ ಹಸಿ. ಪೂಜೆಗೆ ಹಚ್ಚಿದ ಭಂಡಾರದ ಅರಿಸಿನ ಕೈಗೆ ಅಂಟಿತು. ಕೈ ತೆಗೆದ.

ಮೂರನೆಯ ಸುತ್ತಿಗೆ ಸದ್ದೇ ಇರಲಿಲ್ಲ. ವಿಮಾನ ಗಾಡಿಹಾದಿಗೆ ಬಡಿದು, ಪುಟಿದು, ನೇರ ಕಣಕ್ಕೆ ನುಗ್ಗಿತು. ಇಬ್ಬರೂ ಬಣವೆಯ ಹಿಂದೆ ಬಿದ್ದರು. ಎದ್ದು ನೋಡಿದರೆ ರೆಕ್ಕೆ ಮೇಟಿಗೆ ಹೊಡೆದು ಮುರಿದಿತ್ತು. ವಿಮಾನ ಮಗ್ಗುಲಾಗಿ ಬಿದ್ದಿತ್ತು. ಒಳಗಿದ್ದವನ ಒಂದು ಕಾಲು ವಿಮಾನದ ಅಡಿಗೆ ಸಿಕ್ಕಿತ್ತು. ಇಪ್ಪತ್ತು ತುಂಬದ ಹುಡುಗ.

"ಎತ್ರೀ... ಯಪ್ಪಾ, ಎತ್ರೀ..."

ಇಬ್ಬರ ಕೈಗೆ ಅದು ಏಳಲಿಲ್ಲ. ಮೀಟಲು ಗಟ್ಟಿ ಕಟ್ಟಿಗೆ ಬೇಕಿತ್ತು. ಗೈಬುಸಾಬ ವಾಲಿದ್ದ ಮೇಟಿಯನ್ನು ತಬ್ಬಿ ಜಗ್ಗಿದ. ಒಂದೇ ಜಗ್ಗಿಗೆ ಕಿತ್ತು ಬಂತು. ಅದನ್ನು ಅಡಿಗೆ ಕೊಟ್ಟು ಮೀಟಿದರು. ಹುಡುಗ ಹೊರಬಂದ.

ಹುಡುಗನ ಹೆಸರು ಸಿದ್ರಾಮ, ಬೆಳಗಾವಿ ಕಡೆಯವ. ವಿಮಾನ ಕಲಿಯುತ್ತಿದ್ದವ, ಒಬ್ಬನೇ ಹಾರಿದ್ದ. ದಾರಿ ತಪ್ಪಿ ಎಣ್ಣೆ ತೀರಿತ್ತು. ಗೈಬುಸಾಬನ ಪಡಸಾಲೆಯಲ್ಲಿ, ಮುರಿದ ಕಾಲಿಗೆ ಬಿದಿರುಪಟ್ಟಿ ಕಟ್ಟಿಸಿಕೊಂಡು ಮಲಗಿ ಅದನ್ನೇ ಅನ್ನುತ್ತಿದ್ದ: "ಮೇಲಿಂದ ಕಂಬ ಕಾಣಲಿಲ್ರಿ. ಇನ್ನ ನನ್ನ ಹಾರಾಕ ಬಿಡಾಂಗಿಲ್ಲ."

ಗೈಬುಸಾಬ ಅವನಿಗೆ ಹಾಲು ಕುಡಿಸಿದ. ತಾನು ಉಣ್ಣಲಿಲ್ಲ.

ಮರುದಿನ ವಿಮಾನ ಬಿದ್ದದ್ದರ ವಿಚಾರಣೆಗೆ ಜೀಪಿನಲ್ಲಿ ಸಾಹೇಬರು ಬಂದರು. ಕಣ ಅಳೆದರು. ನಡುವಿನ ಕುಣಿ ನೋಡಿ ಕೇಳಿದರು, "ಇಲ್ಲೇನಿತ್ತು?"

ಖಂಡೆಪ್ಪ ನೆಲ ನೋಡಿದ.

"ಮೇಟಿ ಇತ್ರಿ," ಅಂದ ಗೈಬುಸಾಬ. "ಅಂವ ಮೂರು ಸುತ್ತು ಹಾಕಿದ. ಕೀಳಾಕ ಹೊತ್ತಿತ್ತು. ಇಂವ ಹೇಳಿದ, ನಾನ ಕೀಳಲಿಲ್ಲ. ಹುಡುಗನ ತಪ್ಪಲ್ಲ, ನಂದು. ಬರಕೋರಿ."

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು, ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. "ಇದರಾಗ ಅದನ್ನ ಬರಿಯಾಕ ಜಾಗಾ ಇಲ್ಲಪಾ, ಯಜಮಾನ."

"ಹಂಗಾದ್ರ ಹಿಂದ ಬರೀರಿ."

ಸಾಹೇಬರು ಅವನ ಮುಖ ನೋಡಿದರು. ಕಾಗದ ತಿರುಗಿಸಿದರು. ಏನು ಬರೆದರೋ, ಗೈಬುಸಾಬನಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದ.

ಮುರಿದ ವಿಮಾನವನ್ನು ಎರಡು ಗಾಡಿಗಳಲ್ಲಿ ಹೇರಿದರು. ಸಿದ್ರಾಮನನ್ನು ಜೀಪಿನ ಹಿಂದೆ ಮಲಗಿಸಿದಾಗ ಅವನು ಗೈಬುಸಾಬನ ಕೈ ಹಿಡಿದ. "ಮತ್ತ ಹಾರಿದ್ರ ಈ ಕಡೆ ಬರ್ತೇನ್ರಿ."

"ಬಾ. ಶಿವರಾತ್ರಿ ಆದಮ್ಯಾಲ ಬಾ, ಕಣ ಖಾಲಿ ಇರತೈತಿ."

ಗಾಡಿಹಾದಿಯ ಧೂಳು ಕುಳಿತ ಮೇಲೆ ಖಂಡೆಪ್ಪ ಮೇಟಿಯನ್ನು ಹೊತ್ತು ತಂದ. ಅದರ ಮೈಗೆ ವಿಮಾನದ ಹಳದಿ ಬಣ್ಣ ಗೀರಾಗಿ ಹತ್ತಿತ್ತು, ಭಂಡಾರದ ಪಕ್ಕದಲ್ಲೇ. ಗೈಬುಸಾಬ ಕುಣಿಗೆ ನೀರು ಹಾಕಿದ, ನೆಡಲಿಲ್ಲ. ಗೋಣು ಎತ್ತಿ, ಮತ್ತೊಂದು ವಿಮಾನ ಬಂದೀತೇನೋ ಎಂದು ಬೆಳಗಾವಿ ಕಡೆಯ ಆಕಾಶ ನೋಡುತ್ತ ನಿಂತ.