ಹೇಳಿದ್ದು, ನಡೆದದ್ದು

ಹದಿನೇಳನೆಯ ರಟ್ಟನ್ನು ಮೊಳೆಯಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಲೆಕ್ಚರರ ಹೆಬ್ಬೆರಳಿಗೆ ಗ್ರೀಸು ಮೆತ್ತಿಕೊಂಡಿತು. ಅವರು ಕರವಸ್ತ್ರ ತೆಗೆದು ಉಗುರಿನ ಸಂದಿಯನ್ನೂ ಬಿಡದೆ ಒರೆಸಿಕೊಂಡರು. ಸತ್ತ ಮೇಲೂ ಇವನು ಕಂಡವರ ಕೈ ಹೊಲಸು ಮಾಡುವುದನ್ನು ಬಿಡಲಿಲ್ಲ.

ಇವನು ಎಂದರೆ ತಮ್ಮ. ಗೋಡೆಯ ಆಚೆ, ಮುಂದಿನ ಕೋಣೆಯಲ್ಲಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹೆಣ ಒಯ್ಯುವ ಗಾಡಿ ಮೂರಕ್ಕೆ ಬರುವುದಿತ್ತು. ಈಗ ಎರಡೂ ಇಪ್ಪತ್ತು. ಅಷ್ಟರೊಳಗೆ ಒಂದನೇ ನಂಬರಿನ ರಟ್ಟು ಸಿಗಲೇಬೇಕಿತ್ತು.

ಹಿತ್ತಲ ಕಡೆಯ ಈ ಕೋಣೆಯಲ್ಲಿ ಕೂತು ತಮ್ಮ ನಲವತ್ತು ವರ್ಷ ಮಾಡಿದ ಘನಕಾರ್ಯವೆಂದರೆ ಹಳೇ ಕಾಲದ ಸೈಕಲ್ಲುಗಳ ಸೊಟ್ಟ ಫೋರ್ಕುಗಳನ್ನು ನೆಟ್ಟಗೆ ಮಾಡಿದ್ದು. ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದುಕೊಳ್ಳುವ ಆ ಕಬ್ಬಿಣದ ಕವಲು ಎಲ್ಲಾದರೂ ಗುದ್ದಿ ಸೊಟ್ಟಗಾದರೆ, ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಮರುಳರು ಇವನ ಬಳಿ ಎತ್ತಿಕೊಂಡು ಬರುತ್ತಿದ್ದರು. ನೆಟ್ಟಣ್ಣ ಎಂದು ಹೆಸರಿಟ್ಟವರೂ ಅವರೇ. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ಲೆಕ್ಚರರಿಗೆ ಹಲ್ಲಿನ ನಡುವೆ ಮರಳು ಸಿಕ್ಕಂತಾಗುತ್ತಿತ್ತು.

ನೆಟ್ಟಣ್ಣನಿಗೆ ಒಂದು ಚಾಳಿಯಿತ್ತು. ಫೋರ್ಕಿಗೆ ಕೈ ಹಚ್ಚುವ ಮೊದಲು ಅದನ್ನು ರಟ್ಟಿನ ಮೇಲೆ ಮಲಗಿಸಿ, ಸುತ್ತ ಪೆನ್ಸಿಲ್ ಎಳೆದು, ಸೊಟ್ಟಗಿದ್ದ ಆಕಾರವನ್ನು ಉಳಿಸಿಕೊಳ್ಳುತ್ತಿದ್ದ. ಕೆಳಗೆ ಎರಡು ಸಾಲು ಬರೆಯುತ್ತಿದ್ದ. ‘ಹೇಳಿದ್ದು’ ಎಂಬುದರ ಮುಂದೆ ಸೈಕಲ್ಲಿನ ಯಜಮಾನ ಕೊಟ್ಟ ಕಾರಣ, ‘ನಡೆದದ್ದು’ ಎಂಬುದರ ಮುಂದೆ ಫೋರ್ಕು ಕೊಟ್ಟ ಕಾರಣ. ಎರಡೂ ಒಂದೇ ಆಗಿದ್ದ ರಟ್ಟು ಲೆಕ್ಚರರಿಗೆ ಇನ್ನೂ ಸಿಕ್ಕಿರಲಿಲ್ಲ.

ಮುಂದಿನ ಕೋಣೆಯಲ್ಲಿ ನಗು ಎದ್ದಿತು. ಹಳೇ ಸೈಕಲ್ಲಿನವರ ಕ್ಲಬ್ಬಿನ ಸೆಕ್ರೆಟರಿ ಬೆಳಿಗ್ಗೆಯೇ ಒಂದು ಹೊರೆ ರಟ್ಟು ಎತ್ತಿಕೊಂಡು ಹೋಗಿ ಹೆಣದ ಕಾಲ ಬಳಿ ಕೂತು ಓದುತ್ತಿದ್ದ.

“ಕೇಳಿ, ಕೇಳಿ. ಇನ್ನೂರ ಹನ್ನೊಂದು. ಯಾರದು ಗೊತ್ತಾ? ನಮ್ಮ ಹಲ್ಲಿನ ಡಾಕ್ಟರದು! ಹೇಳಿದ್ದು: ಸ್ಟ್ಯಾಂಡ್ ಜಾರಿ ಸೈಕಲ್ ಬಿತ್ತು. ನಡೆದದ್ದು: ಬಿದ್ದಿಲ್ಲ. ಗೇಟಿಗೆ ಎದುರಾಎದುರೇ ಗುದ್ದಿದೆ. ಬ್ರೇಕ್ ಹಿಡಿದಿಲ್ಲ. ಹಸಿರು ಬಣ್ಣ ಅಂಟಿದೆ.”

“ಅಯ್ಯೋ, ಗೇಟಿನ ಬಣ್ಣಾನೂ ಬಿಡ್ಲಿಲ್ವಾ ಪುಣ್ಯಾತ್ಮ!” ಎಂದಿತು ಡಾಕ್ಟರ ದನಿ.

“ಅದಿರ್ಲಿ, ಬ್ರೇಕ್ ಯಾಕೆ ಹಿಡೀಲಿಲ್ಲ ಹೇಳಿ ಸಾರ್. ಎದುರುಮನೆ ಕಿಟಕಿ ತೆಗೆದಿತ್ತಾ?”

“ಸುಮ್ನಿರಪ್ಪ, ನನ್ನ ಹೆಂಡ್ತಿ ಇಲ್ಲೇ ಕೂತಿದ್ದಾಳೆ!”

ಹೆಣದ ಮುಂದೆ ಹಲ್ಲು ಕಿರಿಯುವ ಜನ. ಹೋದವನಿಗೆ ತಕ್ಕ ಬಳಗ ಎಂದುಕೊಂಡು ಲೆಕ್ಚರರು ಹದಿನೆಂಟನೆಯ ರಟ್ಟಿಗೆ ಕೈ ಹಾಕಿದರು.

ಆದರೆ ಈ ಪೇಚಿಗೆ ಅವರು ತಾವೇ ಬಾಗಿಲು ತೆಗೆದಿದ್ದರು. ಬೆಳಿಗ್ಗೆ ಹೆಣದ ತಲೆಯ ಬಳಿ ಕುರ್ಚಿ ಎಳೆದುಕೊಂಡು, ಐವತ್ತು ವರ್ಷದಿಂದ ಹೇಳುತ್ತಾ ಬಂದ ಕತೆಯನ್ನು ಮತ್ತೊಮ್ಮೆ ಹೇಳಿದ್ದರು.

“ಹದಿಮೂರನೇ ವಯಸ್ಸಲ್ಲಿ ಇವನು ಅಪ್ಪನ ಸೈಕಲ್ ಕದ್ದು ಓಡಿಸಿ ಗೋದಾಮಿನ ಗೋಡೆಗೆ ಗುದ್ದಿದ. ಅಪ್ಪ ಒಂದೇ ಮಾತು ಹೇಳಿದ್ರು: ಸೈಕಲ್ ಮುರಿಯೋನಿಗೆ ಸ್ಕೂಲ್ ಯಾಕೆ, ರಿಪೇರಿ ಕಲೀಲಿ ಅಂತ. ಮಾರನೇ ದಿನಾನೇ ಅಂಗಡಿಗೆ ಬಿಟ್ರು. ಹೀಗೆ ಹುಟ್ಟಿದ ನೋಡಿ ನಿಮ್ಮ ನೆಟ್ಟಣ್ಣ!”

ಎಲ್ಲರೂ ನಕ್ಕಿದ್ದರು. ಬಾಗಿಲ ಬಳಿ ಕೂತಿದ್ದ ತಮ್ಮನ ಹೆಂಡತಿ ಮಾತ್ರ ಕೈಯಲ್ಲಿದ್ದ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ್ದಳು. ಸೆಕ್ರೆಟರಿ ಕೂತಲ್ಲೇ ಕುಣಿದಿದ್ದ.

“ಆ ಫೋರ್ಕು ಇಲ್ಲೇ ಇದೆ ಸಾರ್! ವೈಸ್ ಮೇಲ್ಗಡೆ ನೇತುಹಾಕಿದಾರಲ್ಲ, ಒಂದನೇ ನಂಬರ್. ಅದೊಂದನ್ನ ಮಾತ್ರ ಯಾಕೋ ನೆಟ್ಟಗೆ ಮಾಡ್ಲೇ ಇಲ್ಲ. ಗಾಡಿ ಬಂದಾಗ ಅದನ್ನ ಕೈಯಲ್ಲಿ ಹಿಡ್ಕೊಂಡು ನೀವು ಇದೇ ಕತೆ ಹೇಳ್ಬೇಕು. ರಟ್ಟನ್ನೂ ಓದ್ಬೇಕು. ಆಮೇಲೆ ಎರಡೂ ನಮ್ಮ ಕ್ಲಬ್ಬಿನ ಗೋಡೆಗೆ.”

ಆ ಫೋರ್ಕು ಎಂದೋ ಕರಗಿ ಕಬ್ಬಿಣದ ಬಾಗಿಲಾಗಿದೆ ಎಂದು ನಂಬಿದ್ದ ಲೆಕ್ಚರರು, ಸೊಸೈಟಿಯ ಕಾಗದ ಹುಡುಕಬೇಕೆಂದು ಸುಳ್ಳು ಹೇಳಿ ಎದ್ದುಬಂದಿದ್ದರು.

*

ಐವತ್ತು ವರ್ಷದ ಹಿಂದೆ ಲೆಕ್ಚರರಿಗೆ ಇಪ್ಪತ್ತೊಂದು. ಭೌತಶಾಸ್ತ್ರದ ಡಿಗ್ರಿಯ ಕೊನೆಯ ವರ್ಷ. ವೇಗವಿದ್ದರೆ ಸೈಕಲ್ಲು ಹ್ಯಾಂಡಲ್ ಹಿಡಿಯದೆಯೂ ನೆಟ್ಟಗೆ ಹೋಗುತ್ತದೆ ಎಂದು ಗೆಳೆಯರಿಗೆ ಸಾಧಿಸಿ ತೋರಿಸಲು, ಗೋದಾಮಿನ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟಿದ್ದರು. ಸಿದ್ಧಾಂತ ಸರಿಯಾಗಿಯೇ ಇತ್ತು. ಸೈಕಲ್ಲು ನೆಟ್ಟಗೆ ಹೋಯಿತು. ಗೋಡೆಯೂ ನೆಟ್ಟಗೇ ಇತ್ತು.

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಟ್ಟಾಗ ತಮ್ಮ ಅದರ ಮುಂದೆ ಮಂಡಿಯೂರಿ ಕೂತ. ಅಪ್ಪ ಬಂದದ್ದು ಆ ಗಳಿಗೆಯಲ್ಲೇ.

“ಯಾರೋ ಇದು ಮಾಡಿದ್ದು?”

“ಇವನು. ಹೇಳದೆ ಕೇಳದೆ ತಗೊಂಡು ಹೋಗಿದ್ದ.”

ತಮ್ಮ ತಲೆ ಎತ್ತಿ ಅಣ್ಣನನ್ನು ನೋಡಿದ. ಅಪ್ಪ ಮತ್ತೆ ಕೇಳಿದರು. ಆಗ ಆ ಪೆದ್ದ, “ಹೂಂ, ನಾನೇ ಗುದ್ದಿದೆ” ಎಂದ. ಹೇಳಿ, ಮತ್ತೆ ಬಗ್ಗಿ ಫೋರ್ಕಿನ ಬುಡದಲ್ಲಿ ಬಣ್ಣ ಸುಕ್ಕುಗಟ್ಟಿದ್ದನ್ನು ಬೆರಳಿಂದ ಸವರತೊಡಗಿದ.

ಅತ್ತಿದ್ದರೆ, ಅಲ್ಲ ಎಂದಿದ್ದರೆ, ಎರಡು ಏಟು ತಿಂದು ಎಲ್ಲ ಮುಗಿಯುತ್ತಿತ್ತು. ತನ್ನ ತಲೆಯನ್ನು ತಾನು ಉಳಿಸಿಕೊಳ್ಳಲಾರದವನನ್ನು ಗೌರವಿಸುವುದು ಹೇಗೆ? ಆ ಸಂಜೆಯಿಂದ ತಮ್ಮ ಅವರ ಕಣ್ಣಿನಲ್ಲಿ ಇಳಿದುಹೋದ. ಮತ್ತೆ ಮೇಲೇಳಲು ಅವರು ಬಿಡಲಿಲ್ಲ.

*

“ಭಾವ, ಸಿಕ್ತಾ ಕಾಗದ?”

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಒಣಗಿತ್ತು.

“ಇಲ್ಲಮ್ಮ, ಹುಡುಕ್ತಾ ಇದೀನಿ.”

“ಗ್ರೀಸ್ ಡಬ್ಬಿ ಹಿಂದೆ ಸೊಸೈಟಿ ಕಾಗದ ಇಡ್ತಾರಾ?”

“ಅವನಿಗೆ ಎಲ್ಲಿ ಏನಿಡಬೇಕು ಅಂತ ಯಾವತ್ತು ಗೊತ್ತಿತ್ತು?”

“ಅದೂ ನಿಜ. ನಿಮ್ಮನ್ನೂ ತಲೆ ಮೇಲೆ ಇಟ್ಕೊಂಡಿದ್ರು.” ಅವಳು ಗೋಡೆಯ ಕಡೆ ಕಣ್ಣಾಡಿಸಿದಳು. “ಅವರು ಬದುಕಿದ್ದಾಗ ಈ ಕೋಣೆಗೆ ಒಂದು ಸಲ ಬಂದಿದ್ರಿ ಅಲ್ವಾ?”

“ಎರಡು ಸಲ.”

“ಒಂದೇ. ಆಗ್ಲೂ ಮೂಗು ಮುಚ್ಕೊಂಡು ನಿಂತಿದ್ರಿ. ನಿಧಾನವಾಗಿ ಹುಡುಕಿ. ಗಾಡಿ ಬಂದ್ರೆ ಕರೀತೀನಿ.”

ಅವಳು ಬಾಗಿಲು ಎಳೆದುಕೊಂಡು ಹೋದಳು. ಆಗ ಬಾಗಿಲ ಹಿಂದಿನ ಗೋಡೆ ಕಾಣಿಸಿತು. ಅಲ್ಲಿ ತಮ್ಮನ ಕೆಲಸದ ಅಂಗಿ, ಅಂಗಿಯ ಕೆಳಗೆ ಅಂಚು ಸವೆದ ಒಂದು ರಟ್ಟು. ಮೂಲೆಯಲ್ಲಿ ದುಂಡಗೆ ಬರೆದ ‘೧’.

ಹೇಳಿದ್ದು: ನಾನೇ ಗುದ್ದಿದೆ.

ನಡೆದದ್ದು: ಎರಡೂ ಕಾಲು ಬುಡದಿಂದ ಸಮನಾಗಿ ಹಿಂದಕ್ಕೆ ಮಡಚಿವೆ. ಇಳಿಜಾರಿನಲ್ಲಿ ಎದುರಿಗೆ ಗುದ್ದಿದ್ದು. ಇಷ್ಟು ಮಡಚಬೇಕಾದರೆ ಸವಾರನ ತೂಕ ಅರವತ್ತೈದು ಕೆಜಿಗೆ ಕಡಿಮೆ ಇರಲಾರದು. ಆಗ ನನ್ನ ತೂಕ ಮೂವತ್ತೊಂದು.

ಲೆಕ್ಚರರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ತೂಕವಲ್ಲ, ದ್ರವ್ಯರಾಶಿ ಎನ್ನಬೇಕಿತ್ತು. ವೇಗ ಎಷ್ಟೆಂದು ಹಿಡಿದಿದ್ದಾನೆ, ಅದನ್ನು ಬರೆದಿಲ್ಲ. ವಿಧಾನಕ್ಕೆ ಅಂಕವಿಲ್ಲ. ಕೆಂಪು ಶಾಯಿಯ ಪೆನ್ನಿಗಾಗಿ ಕೈ ತಾನಾಗಿ ಜೇಬಿಗೆ ಹೋಗಿ ಬಂತು. ಉತ್ತರವೇನೋ ಸರಿಯಿತ್ತು. ಆ ವರ್ಷ ಅವರು ಅರವತ್ತೆಂಟು ಕೆಜಿ ಇದ್ದರು.

ರಟ್ಟನ್ನು ನಾಲ್ಕು ತುಂಡು ಮಾಡಿ ಕೋಟಿನ ಒಳಜೇಬಿಗೆ ತುರುಕಿಕೊಂಡರು. ಎದೆ ಹಗುರಾಯಿತು. ತಿರುಗಿ ನೋಡಿದರೆ, ಮೇಜಿಗೆ ಬಿಗಿದ ದೊಡ್ಡ ಇಕ್ಕಳದಂಥ ವೈಸಿನ ಮೇಲ್ಗಡೆ ಫೋರ್ಕು ನೇತಾಡುತ್ತಿತ್ತು.

ಅದನ್ನು ಹರಿಯುವಂತಿರಲಿಲ್ಲ. ಹೊರಗೆ ಕೂತಿದ್ದವರಲ್ಲಿ ಹತ್ತು ಜನಕ್ಕಾದರೂ ಫೋರ್ಕು ಓದಲು ನೆಟ್ಟಣ್ಣ ಕಲಿಸಿದ್ದ. ರಟ್ಟಿಲ್ಲದಿದ್ದರೆ ಏನಂತೆ, ಸೆಕ್ರೆಟರಿ ಅದನ್ನು ಎತ್ತಿ ಹಿಡಿದು, “ಇದು ಮಗು ಗುದ್ದಿದ್ದಲ್ಲ ಸಾರ್!” ಎನ್ನುವುದು ಈಗಲೇ ಕೇಳಿಸುತ್ತಿತ್ತು. ಕಿಟಕಿಗೆ ಸರಳು. ಇರುವ ಒಂದೇ ಬಾಗಿಲು ಹೆಣದ ಪಕ್ಕದಲ್ಲಿ ತೆರೆಯುತ್ತಿತ್ತು. ಮೊಳಕ್ಕಿಂತ ಉದ್ದದ ಕಬ್ಬಿಣವನ್ನು ಕೋಟಿನೊಳಗೆ ಬಚ್ಚಿಡಲು ಆಗುತ್ತದೆಯೇ?

ನೆಟ್ಟಗಾದ ಫೋರ್ಕು ಏನನ್ನೂ ಹೇಳುವುದಿಲ್ಲ. ತಮ್ಮನಿಗೆ ಕೊನೆಯ ಗೌರವವೆಂದು ಈ ಒಂದನ್ನು ನನ್ನ ಕೈಯಾರೆ ನೆಟ್ಟಗೆ ಮಾಡಿದೆ ಎಂದರಾಯಿತು. ಮಾತು ಚೆನ್ನಾಗಿತ್ತು. ಕೇಳಿದವರ ಕಣ್ಣಲ್ಲಿ ನೀರು ಬರಬಹುದು, ಡಾಕ್ಟರಿಗಂತೂ ಬರುತ್ತದೆ.

ಎರಡೂ ಐವತ್ತು. ಲೆಕ್ಚರರು ಫೋರ್ಕಿನ ಕತ್ತನ್ನು ವೈಸಿನ ದವಡೆಗೆ ಕೊಟ್ಟು, ಮಡಚಿದ ಕಾಲುಗಳು ಮೇಲಕ್ಕೆ ಬರುವಂತೆ ತಿರುಗಿಸಿ ಬಿಗಿದರು. ಮೂಲೆಯಲ್ಲಿದ್ದ ಆಳುದ್ದದ ಪೈಪನ್ನು ಕಾಲುಗಳ ನಡುವೆ ಸಿಕ್ಕಿಸಿದರು. ಅದರ ತುದಿ ಅವರ ಹಣೆಯ ಎತ್ತರಕ್ಕೆ ಬಂತು. ಸನ್ನೆಗೋಲು. ಆಧಾರ ಬಿಂದು, ಭಾರ, ಬಲ. ಎಂಟನೇ ತರಗತಿಯ ಪಾಠ. ಇಷ್ಟಕ್ಕೇ ಒಬ್ಬನನ್ನು ಕುಶಲಕರ್ಮಿ ಎಂದು ಹೊಗಳುತ್ತಾರೆ!

ಪೈಪಿನ ತುದಿ ಹಿಡಿದು ಜಗ್ಗಿದರು. ಫೋರ್ಕು ಕೆಳಗೆ ಬಂತು. ಒಂದು ಕಣ್ಣು ಮುಚ್ಚಿ ನೋಡಿದರು. ನೆಟ್ಟಗಿತ್ತು, ಗೆರೆ ಎಳೆದ ಹಾಗೆ. ಕೈ ಸಡಿಲಿಸಿದರು. ಫೋರ್ಕು ಮೇಲೆದ್ದು ಮೊದಲಿದ್ದಲ್ಲೇ ಹೋಗಿ ನಿಂತಿತು.

ಇನ್ನೊಮ್ಮೆ ಜಗ್ಗಿದರು. ಬಂತು. ಬಿಟ್ಟರು. ಹೋಯಿತು.

ಲೋಹವನ್ನು ಒಂದು ಮಿತಿಯವರೆಗೆ ಬಗ್ಗಿಸಿದರೆ ಅದು ಮರಳುತ್ತದೆ, ಮಿತಿ ದಾಟಿಸಿದರೆ ಮಾತ್ರ ನಿಲ್ಲುತ್ತದೆ ಎಂದು ಅವರು ಮೂವತ್ತಮೂರು ವರ್ಷ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಹೇಳಿದ್ದರು. ಬೇಕಾದಷ್ಟಕ್ಕಿಂತ ಹೆಚ್ಚೇ ಬಗ್ಗಿಸಬೇಕು. ಹಾಗಾದರೆ ಬಲ ಸಾಲುತ್ತಿಲ್ಲ, ಅಷ್ಟೇ. ಕೋಟಿನ ಗುಂಡಿ ಬಿಚ್ಚಿದರು. ಎರಡೂ ಕೈಯಿಂದ ಪೈಪಿನ ತುತ್ತತುದಿ ಹಿಡಿದರು. ಮೊಣಕಾಲು ಮಡಚಿ, ಮೈಯ ಭಾರವನ್ನೆಲ್ಲ ಅದಕ್ಕೆ ಒಪ್ಪಿಸಿದರು. ಪೈಪು ಎದೆಮಟ್ಟಕ್ಕೆ ಇಳಿದು ಅಲ್ಲೇ ತೂಗತೊಡಗಿತು. ಇನ್ನು ನಾಲ್ಕು ಬೆರಳು ಇಳಿಯಬೇಕಿತ್ತು. ಇದ್ದಬದ್ದ ಉಸಿರನ್ನೆಲ್ಲ ಹಿಡಿದು, ಕುಪ್ಪಳಿಸಿ ಪೈಪಿನ ಮೇಲೆ ಹೊಟ್ಟೆ ಊರಿ, ಕಾಲು ನೆಲದಿಂದ ಎತ್ತಿಯೇಬಿಟ್ಟರು. ಪೈಪು ಇಳಿಯಲಿಲ್ಲ.

“ಸಾರ್, ಗಾಡಿ ಬಂತು! ಫೋರ್ಕು ತಗೊಂಡು ಬನ್ನಿ, ಎಲ್ಲಾ ಕಾಯ್ತಾ...”

ಸೆಕ್ರೆಟರಿಯ ಮಾತು ಬಾಗಿಲಲ್ಲೇ ನಿಂತಿತು. ಅವನ ಭುಜದ ಮೇಲಿಂದ ಡಾಕ್ಟರು ಇಣುಕಿದರು, ಡಾಕ್ಟರ ಹೆಂಡತಿ ಇಣುಕಿದಳು. ಅವರ ಹಿಂದೆ ಇನ್ನೂ ನಾಲ್ಕಾರು ತಲೆಗಳು. ಯಾರೂ ನಗಲಿಲ್ಲ. ಹಲ್ಲು ಕಿರಿಯುವ ಜನಕ್ಕೆ ಈಗ ಏನಾಗಿತ್ತೋ. ಸೆಕ್ರೆಟರಿ ಕುತ್ತಿಗೆ ವಾಲಿಸಿ ಫೋರ್ಕಿನ ಬುಡವನ್ನು ನೋಡುತ್ತಿದ್ದ, ಕಣ್ಣು ಕಿರಿದು ಮಾಡಿ, ನೆಟ್ಟಣ್ಣ ಕಲಿಸಿದ್ದ ಹಾಗೆ. ನೋಡುತ್ತಾ ನೋಡುತ್ತಾ ಅವನ ಹುಬ್ಬು ಮೇಲೇರಿತು.

ತಮ್ಮನ ಹೆಂಡತಿ ಅವರನ್ನೆಲ್ಲ ಸರಿಸಿಕೊಂಡು ಒಳಗೆ ಬಂದಳು. ವೈಸನ್ನು ನೋಡಿದಳು, ಬಾಗಿಲು ಸರಿಸಿ ಅಂಗಿಯ ಕೆಳಗಿನ ಬರಿಗೋಡೆ ನೋಡಿದಳು.

“ಭಾವ,” ಎಂದಳು, “ಈಗ ನಿಮ್ಮ ತೂಕ ಎಷ್ಟು?”

ಪೈಪು ಬಿಟ್ಟರೆ ಅದು ಚಿಮ್ಮಿ ಗದ್ದಕ್ಕೆ ಬಡಿಯುವುದು ಖಂಡಿತ. ಹಿಡಿದುಕೊಂಡರೆ ನೆಲ ಸಿಗದು.

“ಐವತ್ತೊಂದು,” ಎಂದರು ಲೆಕ್ಚರರು.

ಯಾರೂ ಮುಂದೆ ಬರಲಿಲ್ಲ. ಹೊರಗೆ ಗಾಡಿಯ ಎಂಜಿನ್ ಗುರುಗುಡುತ್ತಿತ್ತು. ಬೆಳಿಗ್ಗೆಯಷ್ಟೇ ಪಾಲಿಶ್ ಮಾಡಿಸಿದ ಅವರ ಬೂಟುಗಳು ನೆಲದಿಂದ ಒಂದು ಗೇಣು ಮೇಲೆ, ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು, ತುದಿ ಚಾಚಿ ಚಾಚಿ ನೆಲಕ್ಕಾಗಿ ತಡಕಾಡುತ್ತಿದ್ದವು.